ದವಡೆಗೆ ಮೂಳೆ ಕಸಿ ಮಾಡಿಸಿದ ಮೇಲೆ ಗಾಯ ಚೆನ್ನಾಗಿ ಮಾಯಲು ಏನು ಮಾಡಬೇಕು? (ಅಮ್ಮನಿಗೆ ದಾವಣಗೆರೆಯಲ್ಲಿ ಚಿಕಿತ್ಸೆ)

ಹೊಳಲ್ಕೆರೆಯವನು | ಜೂನ್ 9, ರಾತ್ರಿ 9:40

ಎಲ್ಲರಿಗೂ ನಮಸ್ಕಾರ. ಅಮ್ಮನಿಗೆ 61 ವರ್ಷ. ಕೆಳದವಡೆಯ ಎಡಗಡೆ ಎರಡು ದವಡೆ ಹಲ್ಲು ಕೀಳಿಸಿ ಆರೇಳು ವರ್ಷವಾಗಿದೆ. ಇಂಪ್ಲಾಂಟ್, ಅಂದರೆ ಮೂಳೆಗೆ ಸ್ಕ್ರೂ ಕೂರಿಸಿ ಕಟ್ಟುವ ಹಲ್ಲು, ಹಾಕಿಸೋಣವೆಂದು ದಾವಣಗೆರೆಗೆ ಕರೆದುಕೊಂಡು ಹೋಗಿದ್ದೆ. ಸ್ಕ್ಯಾನ್ ನೋಡಿದ ವೈದ್ಯರು, ಮೂಳೆಯ ಅಗಲ ಸಾಲದು, ಮೊದಲು ಮೂಳೆ ಕಸಿ ಮಾಡಿ ಐದಾರು ತಿಂಗಳು ಕಾದು ಆಮೇಲೆ ಇಂಪ್ಲಾಂಟ್ ಹಾಕೋಣ ಎಂದರು. ಮುಂದಿನ ಶುಕ್ರವಾರ ದಿನ ಕೊಟ್ಟಿದ್ದಾರೆ.

ಅಮ್ಮನಿಗೆ ಸಕ್ಕರೆ ಕಾಯಿಲೆ ಇದೆ. ಕಾಲಿನ ಸಣ್ಣ ಗಾಯ ಒಣಗುವುದಕ್ಕೇ ಬಹಳ ದಿನ ಹಿಡಿಯುತ್ತದೆ. ಬಾಯೊಳಗಿನ ಗಾಯದ ಗತಿ ಏನು ಎಂಬುದೇ ನನ್ನ ಚಿಂತೆ. ಊಟವಾದ ಮೇಲೆ ಎಲೆ ಅಡಿಕೆ ಬೇಕೇ ಬೇಕು ಅವರಿಗೆ. ಕೈಯಿಂದ ರಕ್ತ ತೆಗೆದು ಯಂತ್ರದಲ್ಲಿ ತಿರುಗಿಸಿ ಗಾಯಕ್ಕೆ ಇಡುವ ಪಿಆರ್‌ಎಫ್ ಎಂಬ ವಿಧಾನವೂ ಇದೆಯಂತೆ, ಅದಕ್ಕೆ ಬೇರೆ ಹಣ ಕೊಡಬೇಕಂತೆ. ಅದು ನಿಜವಾಗಿ ಉಪಯೋಗವೋ ಅಥವಾ ಬಿಲ್ಲಿಗೆ ಒಂದು ಸಾಲು ಹೆಚ್ಚೋ? ಮಾಡಿಸಿದವರು, ತಿಳಿದವರು ಹೇಳಿ.

ಪಿ.ಜೆ. ಬಡಾವಣೆ | ಜೂನ್ 9, ರಾತ್ರಿ 10:15

ಅರಿಶಿನ ಪುಡಿಯನ್ನು ಗಾಯದ ಮೇಲೆ ಒತ್ತಿ ಹಿಡಿಯಲಿ, ರಾತ್ರಿ ಲವಂಗದ ಎಣ್ಣೆ ಅದ್ದಿದ ಹತ್ತಿ ಇಡಿ. ನಮ್ಮ ಮನೆಯಲ್ಲಿ ಹಲ್ಲಿನ ಯಾವ ತೊಂದರೆಗೂ ಇದೇ ಮದ್ದು. ಇಂಗ್ಲಿಷ್ ಔಷಧಿಯ ಹೊರೆ ತಪ್ಪುತ್ತದೆ.

ಒಸಡು ವೈದ್ಯೆ | ಜೂನ್ 10, ಬೆಳಿಗ್ಗೆ 7:05

ದಯವಿಟ್ಟು ಎರಡೂ ಬೇಡ. ಲವಂಗದ ಎಣ್ಣೆ ಹುಳುಕು ಹಲ್ಲಿನ ನೋವನ್ನು ಮರೆಸಬಹುದು, ಹಸಿ ಗಾಯಕ್ಕೆ ತಾಗಿದರೆ ಸುಡುತ್ತದೆ. ಅರಿಶಿನದ ಪುಡಿ ಹೊಲಿಗೆಯ ಎಳೆಗಳ ನಡುವೆ ಕೂತು ಕೊಳೆಯಾಗುತ್ತದೆ. ಅದನ್ನು ಒತ್ತಿ ಹಿಡಿಯುವುದಂತೂ ಈ ಗಾಯಕ್ಕೆ ಮಾಡಬಹುದಾದ ಅತಿ ಕೆಟ್ಟ ಉಪಚಾರ.

ನಾನು ದಾವಣಗೆರೆಯಲ್ಲಿ ಒಸಡಿನ ಚಿಕಿತ್ಸೆ ಮಾಡುವವಳು. ಹೊಳಲ್ಕೆರೆಯವರೇ, ಒಳಗೆ ಏನು ನಡೆಯುತ್ತದೆ ಎಂದು ತಿಳಿದುಕೊಂಡರೆ ಯಾವ ಸಲಹೆ ಕೇಳಬೇಕು, ಯಾವುದನ್ನು ಬಿಡಬೇಕು ಎಂಬುದು ನಿಮಗೇ ಹೊಳೆಯುತ್ತದೆ. ಹಲ್ಲು ಕಿತ್ತ ಜಾಗದ ಮೂಳೆ ಒಂದು ವರ್ಷದಲ್ಲಿ ಅಗಲದಲ್ಲಿ ಸುಮಾರು ಅರ್ಧದಷ್ಟು ಕರಗುತ್ತದೆ. ಆ ನಷ್ಟದ ಮೂರನೇ ಎರಡು ಭಾಗ ಮೊದಲ ಮೂರು ತಿಂಗಳಲ್ಲೇ ಆಗಿಹೋಗುತ್ತದೆ. ನಿಮ್ಮ ತಾಯಿಯವರಲ್ಲಿ ಉಳಿದಿರುವುದು ತೆಳುವಾದ ಏಣು. ಅದರ ಪಕ್ಕದಲ್ಲಿ ಸಣ್ಣ ರವೆಯಷ್ಟು ಗಾತ್ರದ, ಅಂದರೆ ಕಾಲು ಮಿಲಿಮೀಟರಿನಿಂದ ಒಂದು ಮಿಲಿಮೀಟರ್‌ವರೆಗಿನ ಮೂಳೆಯ ಕಣಗಳನ್ನು ಪೇರಿಸುತ್ತಾರೆ. ಮೇಲೆ ತೆಳುವಾದ ಪೊರೆ, ಅಂದರೆ ಮೆಂಬ್ರೇನ್ ಹೊದಿಸುತ್ತಾರೆ. ಒಸಡಿನ ಜೀವಕೋಶಗಳು ಬೇಗ ಬೆಳೆಯುತ್ತವೆ, ಮೂಳೆಯವು ನಿಧಾನ. ಪೊರೆ ಇಲ್ಲದಿದ್ದರೆ ಮೂಳೆ ಬರಬೇಕಾದ ಜಾಗವನ್ನು ಒಸಡು ಆಕ್ರಮಿಸಿಕೊಳ್ಳುತ್ತದೆ. ಕೊನೆಗೆ ಒಸಡನ್ನು ಎಳೆದು ತಂದು ಹೊಲಿಯುತ್ತಾರೆ.

ಕಷ್ಟ ಇರುವುದು ಈ ಕೊನೆಯ ಹೆಜ್ಜೆಯಲ್ಲಿ. ಒಳಗೆ ಕಣ ತುಂಬಿದ್ದರಿಂದ ಜಾಗ ಉಬ್ಬಿರುತ್ತದೆ, ಮುಚ್ಚಬೇಕಾದ ಒಸಡು ಮಾತ್ರ ಮೊದಲಿನಷ್ಟೇ ಇರುತ್ತದೆ. ಅದಕ್ಕೆ ಒಸಡಿನ ಒಳಮೈಯ ಮೂಳೆಪೊರೆಯನ್ನು ಸೂಕ್ಷ್ಮವಾಗಿ ಕೊಯ್ದು ಸಡಿಲಿಸುತ್ತೇವೆ. ಎರಡು ಅಂಚು ಎಳೆತವಿಲ್ಲದೆ ಒಂದಕ್ಕೊಂದು ತಾಗಿ ಕೂತರೆ ಅರ್ಧ ಗೆದ್ದಂತೆ. ಬಿಗಿಯಾಗಿ ಎಳೆದು ಹೊಲಿದರೆ ಅಂಚಿನ ರಕ್ತಸಂಚಾರ ನಿಂತು, ಒಂದೆರಡು ವಾರದಲ್ಲಿ ಗಾಯ ಬಾಯಿ ಬಿಡುತ್ತದೆ. ಬಾಯಿ ಬಿಟ್ಟರೆ ಎಂಜಲು, ಸೂಕ್ಷ್ಮಜೀವಿ ಎಲ್ಲವೂ ಒಳಗೆ. ಕಸಿ ಕೆಡುವುದು ಬಹುತೇಕ ಹೀಗೆಯೇ. ಯಾವ ದೇಶದ ಪುಡಿ ಬಳಸಿದರು ಎಂಬುದು ಆಮೇಲಿನ ಮಾತು.

2006ರಲ್ಲಿ ವಾಂಗ್ ಮತ್ತು ಬೊಯಪತಿ ಎಂಬ ಇಬ್ಬರು ಇದನ್ನೇ ನಾಲ್ಕು ಅಂಶಗಳಲ್ಲಿ ಹೇಳಿದರು: ಗಾಯ ಪೂರ್ತಿ ಮುಚ್ಚಿರಬೇಕು, ಹೊಸ ರಕ್ತನಾಳ ಬರಬೇಕು, ಮೂಳೆಗೆ ಜಾಗ ಉಳಿದಿರಬೇಕು, ರಕ್ತದ ಹೆಪ್ಪು ಅಲುಗದೆ ನಿಲ್ಲಬೇಕು. ನಿಮ್ಮ ವೈದ್ಯರು ಮಾಡುವುದೆಲ್ಲ ಈ ನಾಲ್ಕಕ್ಕಾಗಿ, ಮನೆಯಲ್ಲಿ ನೀವು ಮಾಡಬೇಕಾದದ್ದೂ ಈ ನಾಲ್ಕನ್ನು ಕೆಡಿಸದೆ ಇರುವುದಷ್ಟೇ.

ಒಂದು ಪ್ರಶ್ನೆ. ರಕ್ತದ ಸಕ್ಕರೆಯ ಮೂರು ತಿಂಗಳ ಸರಾಸರಿ ತೋರಿಸುವ ಎಚ್‌ಬಿಎ1ಸಿ ಪರೀಕ್ಷೆ ಯಾವಾಗ ಮಾಡಿಸಿದ್ದೀರಿ, ಎಷ್ಟಿತ್ತು? ತಾಯಿಯವರು ತೆಗೆದುಕೊಳ್ಳುವ ಎಲ್ಲ ಮಾತ್ರೆಗಳ ಹೆಸರನ್ನೂ ಬರೆಯಿರಿ.

ನಿವೃತ್ತ ಮೇಷ್ಟ್ರು, ಚಿತ್ರದುರ್ಗ | ಜೂನ್ 10, ಬೆಳಿಗ್ಗೆ 11:20

ನಾನು ಮಾಡಿಸಿಕೊಂಡವನು, ಮೇಲ್ದವಡೆಗೆ. ನನ್ನದು ಸೈನಸ್ ಲಿಫ್ಟ್. ಮೇಲಿನ ದವಡೆ ಹಲ್ಲುಗಳ ನೆತ್ತಿಯ ಮೇಲೆ ಗಾಳಿ ತುಂಬಿದ ಗೂಡು ಇರುತ್ತದೆ, ಹಲ್ಲು ಹೋದ ಮೇಲೆ ಅದು ಕೆಳಗಿಳಿದು ಮೂಳೆ ತೆಳುವಾಗುತ್ತದೆ. ಅದರ ತಳದ ಪೊರೆಯನ್ನು ಮೆಲ್ಲಗೆ ಎತ್ತಿ ಕಣ ತುಂಬುತ್ತಾರೆ. ಆಮೇಲೆ ಮೂಗು ಸೀಟುವಂತಿಲ್ಲ. ಸೀನು ಬಂದರೆ ಬಾಯಿ ತೆರೆದು ಸೀನಬೇಕು. ಚಿತ್ರದುರ್ಗದ ಗಾಳಿಗೆ, ಅದರ ಧೂಳಿಗೆ, ಸೀನದೆ ಇರುವ ಮನುಷ್ಯ ಯಾರು? ಮುಖಕ್ಕೆ ಟವಲು ಕಟ್ಟಿಕೊಂಡು ಓಡಾಡುತ್ತಿದ್ದ ನನ್ನನ್ನು ನೋಡಿ ನೆರೆಯವರು ನಕ್ಕರು.

ನಿಮ್ಮ ತಾಯಿಯವರಿಗೆ ಆ ಕಾಟವಿಲ್ಲ, ಕೆಳದವಡೆಯಲ್ಲವೇ. ಆದರೆ ಒಂದು ಹೇಳುತ್ತೇನೆ. ನೋವು ನಾನು ಹೆದರಿದಷ್ಟು ಇರಲಿಲ್ಲ. ಕಾಡಿದ್ದು ಊತ, ಅದೂ ಎರಡನೆಯ, ಮೂರನೆಯ ದಿನ. ಕನ್ನಡಿಯಲ್ಲಿ ಮುಖ ನೋಡಿ ಗಾಬರಿಯಾಯಿತು. ಆ ದಿನಗಳಲ್ಲಿ ಅದು ಹೆಚ್ಚುವುದು ಸಹಜವೆಂದು ಮೊದಲೇ ಹೇಳಿದ್ದರೆ ರಾತ್ರಿ ವೈದ್ಯರಿಗೆ ಫೋನ್ ಮಾಡುತ್ತಿರಲಿಲ್ಲ. ಇನ್ನೊಂದು, ನಾಲಿಗೆಗೆ ಮರಳಿನಂತೆ ಒಂದೆರಡು ಕಣ ಸಿಕ್ಕವು. ಕಸಿಯೆಲ್ಲ ಉದುರಿಹೋಯಿತು ಎಂದುಕೊಂಡೆ. ಒಂದೆರಡು ಬರುವುದು ಮಾಮೂಲಂತೆ.

ಎಲ್ಲಕ್ಕಿಂತ ದೊಡ್ಡ ಪೀಡೆ ನೋಡಲು ಬಂದವರು. “ಎಲ್ಲಿ, ತೋರಿಸಿ ಮೇಷ್ಟ್ರೇ” ಎಂದು ಮೊಬೈಲ್ ಟಾರ್ಚ್ ಹಿಡಿದು ನಿಲ್ಲುವವರು. ನಾವೂ ಸೌಜನ್ಯಕ್ಕೆ ತುಟಿ ಹಿಡಿದು ಎಳೆದು ತೋರಿಸುತ್ತೇವೆ. ಹಾಗೆ ಎಳೆದಾಗ ಹೊಲಿಗೆಯ ದಾರ ಒಸಡನ್ನು ಕೊಯ್ಯುತ್ತದೆ ಎಂದು ನನ್ನ ವೈದ್ಯರು ಗದರಿದ ಮೇಲೆ ಪ್ರದರ್ಶನ ಬಂದ್ ಮಾಡಿದೆ.

ಒಸಡು ವೈದ್ಯೆ | ಜೂನ್ 10, ಮಧ್ಯಾಹ್ನ 1:30

ಮೇಷ್ಟ್ರ ಕೊನೆಯ ಮಾತನ್ನು ನನ್ನ ಚಿಕಿತ್ಸಾಲಯದ ಬಾಗಿಲಿಗೆ ಅಂಟಿಸಬೇಕು ಅನ್ನಿಸುತ್ತಿದೆ. ಕೆನ್ನೆ ಎಳೆದು ನೋಡುವುದು, ನಾಲಿಗೆಯ ತುದಿಯಿಂದ ಗಂಟನ್ನು ತಡಕುವುದು, ಹತ್ತಿಕಡ್ಡಿ ಆಡಿಸುವುದು, ಇವು ಸಾಮಾನ್ಯವೂ ಹೌದು, ಹಾನಿಕರವೂ ಹೌದು.

ವಿದ್ಯಾನಗರ ಲ್ಯಾಬ್ | ಜೂನ್ 10, ಸಂಜೆ 6:50

ಪಿಆರ್‌ಎಫ್ ಬಗ್ಗೆ ನಾನು ಹೇಳಬಲ್ಲೆ, ರಕ್ತ ತೆಗೆಯುವ ಕೆಲಸ ನನ್ನದೇ. ಕೈಯ ರಕ್ತನಾಳದಿಂದ ಹತ್ತು ಮಿಲಿಲೀಟರಿನ ಕೆಲವು ನಳಿಕೆಗಳಷ್ಟು ರಕ್ತ ತೆಗೆಯುತ್ತೇವೆ. ಹೆಪ್ಪುಗಟ್ಟದಂತೆ ತಡೆಯುವ ಯಾವ ರಾಸಾಯನಿಕವನ್ನೂ ಸೇರಿಸುವುದಿಲ್ಲ. ಹಾಗಾಗಿ ತಡ ಮಾಡುವಂತಿಲ್ಲ, ಸೂಜಿ ತೆಗೆದ ಕೂಡಲೇ ನಳಿಕೆ ಯಂತ್ರಕ್ಕೆ ಹೋಗಬೇಕು. ಹಳೆಯ ಕ್ರಮದಲ್ಲಿ ನಿಮಿಷಕ್ಕೆ 2700 ಸುತ್ತಿನಂತೆ 12 ನಿಮಿಷ ತಿರುಗಿಸುತ್ತಾರೆ. ನಿಂತಾಗ ಕೆಳಗೆ ಕೆಂಪು ಕಣ, ಮೇಲೆ ಹಳದಿ ತಿಳಿನೀರು, ನಡುವೆ ಲೋಳೆಯಂತಹ ಗಟ್ಟಿ ಹೆಪ್ಪು. ಇಕ್ಕಳದಲ್ಲಿ ಆ ಹೆಪ್ಪನ್ನು ಹಿಡಿದೆತ್ತಿ, ಕೆಂಪು ಬಾಲವನ್ನು ಕತ್ತರಿಸಿ, ಸಣ್ಣ ತಟ್ಟೆಗಳ ನಡುವೆ ಒತ್ತಿದರೆ ಬಿಳಿಯ ತೇವದ ಪೊರೆಯಾಗುತ್ತದೆ. ಅದನ್ನು ಮೆಂಬ್ರೇನಿನ ಮೇಲೆ ಹೊದಿಸಿ ಹೊಲಿಯುತ್ತಾರೆ. ಕೆಲವರು ಚೂರು ಮಾಡಿ ಮೂಳೆಯ ಕಣದೊಂದಿಗೆ ಕಲಸುತ್ತಾರೆ, ಕಣ ಚೆಲ್ಲದೆ ಅಂಟಿಕೊಂಡು ಕೂರುತ್ತದೆ. ಫ್ರಾನ್ಸಿನ ಶುಕ್ರೂನ್ ಎಂಬ ವೈದ್ಯರು 2001ರಲ್ಲಿ ತಂದ ವಿಧಾನವಿದು.

ನಾನು ನೋಡಿದಂತೆ ಇದನ್ನು ಇಟ್ಟವರ ಒಸಡು ಬೇಗ ಕೂಡುತ್ತದೆ. ಕೊಡುವ ಹಣಕ್ಕೆ ಮೋಸವಿಲ್ಲ.

ಅಶೋಕ ರಸ್ತೆ | ಜೂನ್ 10, ರಾತ್ರಿ 8:10

ಯಂತ್ರದ ಬಳಿ ನಿಲ್ಲುವವರು ಯಂತ್ರವನ್ನು ಹೊಗಳದೆ ಇನ್ನೇನು ಮಾಡುತ್ತಾರೆ! ನನ್ನ ತಮ್ಮನಿಗೆ ಪಿಆರ್‌ಎಫ್ ಸಹಿತ ಎಲ್ಲವನ್ನೂ ಇಟ್ಟರು, ಆದರೂ ಕಸಿ ಕಿತ್ತುಬಂತು. ಹೊಲಿಗೆ ಹಾಕಿದ ಸಂಜೆಯೇ ಹೊರಗೆ ಹೋಗಿ ಸಿಗರೇಟು ಹಚ್ಚಿದ್ದ ಎನ್ನುವುದು ಬೇರೆ ವಿಷಯ.

ಒಸಡು ವೈದ್ಯೆ | ಜೂನ್ 10, ರಾತ್ರಿ 9:00

ಬೇರೆ ವಿಷಯವೇನಲ್ಲ, ಅದೇ ವಿಷಯ.

ಪಿಆರ್‌ಎಫ್ ಕುರಿತು ನನ್ನ ಅಭಿಪ್ರಾಯ ಇಬ್ಬರ ನಡುವೆ ಇದೆ. ಆ ಹೆಪ್ಪಿನಿಂದ ಗಾಯ ಮಾಯಿಸುವ ಅಂಶಗಳು ಒಂದು ವಾರಕ್ಕೂ ಹೆಚ್ಚು ಕಾಲ ನಿಧಾನವಾಗಿ ಹೊರಬರುತ್ತವೆ. ಒಸಡು ಕೂಡುವುದಕ್ಕೆ, ಮೊದಲ ದಿನಗಳ ನೋವು ತಗ್ಗುವುದಕ್ಕೆ ಸಹಾಯವಿದೆ. ಆದರೆ “ಮೂಳೆ ಎರಡು ಪಟ್ಟು ಬರುತ್ತದೆ” ಎಂದು ಯಾರಾದರೂ ಹೇಳಿದರೆ ನಂಬಬೇಡಿ. ಮೂಳೆಯ ಲಾಭದ ಬಗ್ಗೆ ಅಧ್ಯಯನಗಳು ಒಂದೇ ಮಾತು ಹೇಳುತ್ತಿಲ್ಲ. ಸಕ್ಕರೆ ಕಾಯಿಲೆ ಇರುವ, ಒಸಡು ತೆಳುವಿರುವ ರೋಗಿಗೆ ನಾನು ಬಳಸುತ್ತೇನೆ. ರೋಗಿಯದೇ ರಕ್ತ, ಹೊರಗಿನ ವಸ್ತುವಿಲ್ಲ, ಅಪಾಯ ಕಡಿಮೆ. ಹಣದ ಅಡಚಣೆಯಿದ್ದರೆ ಮೊದಲು ಬಿಡಬಹುದಾದದ್ದೂ ಇದೇ. ಹಣವೇ ಚಿಂತೆಯಾದರೆ ದಾವಣಗೆರೆಯಲ್ಲಿ ಬಾಪೂಜಿ ದಂತ ವೈದ್ಯಕೀಯ ಕಾಲೇಜು, ಕಾಲೇಜ್ ಆಫ್ ಡೆಂಟಲ್ ಸೈನ್ಸಸ್ ಎರಡೂ ಇವೆ, ಚಿತ್ರದುರ್ಗದಲ್ಲಿ ಎಸ್‌ಜೆಎಂ ಇದೆ. ಕಾಲೇಜು ಆಸ್ಪತ್ರೆಯಲ್ಲಿ ಸಮಯ ಹೆಚ್ಚು ಹಿಡಿಯಬಹುದು, ಖರ್ಚು ಸಾಮಾನ್ಯವಾಗಿ ಕಡಿಮೆ.

ಚನ್ನಗಿರಿ ಬೆಳೆಗಾರ | ಜೂನ್ 11, ಬೆಳಿಗ್ಗೆ 6:30

ಎಲೆ ಅಡಿಕೆಯ ಮಾತು ಬಂದಿದೆ, ಯಾರೂ ಇನ್ನೂ ಬೈದಿಲ್ಲ, ಬೈಯುವ ಮೊದಲೇ ಬರೆದುಬಿಡುತ್ತೇನೆ. ನಮ್ಮ ಅಜ್ಜಿ ತೊಂಬತ್ತು ದಾಟುವವರೆಗೂ ದಿನಕ್ಕೆ ಹಲವು ಬಾರಿ ಹಾಕುತ್ತಿದ್ದರು. ಒಂದು ಹಲ್ಲೂ ಅಲುಗಲಿಲ್ಲ. ಹೊಗೆಸೊಪ್ಪು ಬೇರೆ, ಗುಟ್ಕಾ ಬೇರೆ, ಬರೀ ಅಡಿಕೆ ಬೇರೆ. ಎಲ್ಲವನ್ನೂ ಒಂದೇ ಚೀಲಕ್ಕೆ ತುಂಬಬೇಡಿ.

ಒಸಡು ವೈದ್ಯೆ | ಜೂನ್ 11, ಬೆಳಿಗ್ಗೆ 8:45

ಯಜಮಾನರೇ, ನಿಮ್ಮ ಅಜ್ಜಿಯ ಹಲ್ಲಿಗೆ ನನ್ನ ನಮಸ್ಕಾರ. ಆದರೆ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ಹೊಗೆಸೊಪ್ಪಿಲ್ಲದ ಬರೀ ಅಡಿಕೆಯನ್ನೂ ಕ್ಯಾನ್ಸರ್ ತರುವ ಮೊದಲ ಗುಂಪಿಗೆ ಸೇರಿಸಿದೆ. ಅದನ್ನು ನಾನು ಮುಚ್ಚಿಡಲಾರೆ. ಇಲ್ಲಿನ ಪ್ರಶ್ನೆ ಗಾಯದ್ದು, ಅಷ್ಟಕ್ಕೇ ಬರುತ್ತೇನೆ. ಅಡಿಕೆಯ ಅರಿಕೋಲಿನ್ ಎಂಬ ಅಂಶ ಬಾಯಿಯ ಒಳಚರ್ಮವನ್ನು ನಾರು ನಾರಾಗಿಸಿ ಬಿಗಿ ಮಾಡುತ್ತದೆ. ಹಳೆಯ ಅಗಿಯುವವರ ಕೆನ್ನೆ ಒಳಗಿನಿಂದ ಮುಟ್ಟಿದರೆ ಚರ್ಮದ ಹದ ಹೋಗಿ ಪಟ್ಟಿಯಂತೆ ಸಿಗುತ್ತದೆ, ಬಾಯಿಗೆ ಮೂರು ಬೆರಳು ಹಿಡಿಸುವುದಿಲ್ಲ. ನಾನು ಆಗಲೇ ಹೇಳಿದೆನಲ್ಲ, ಒಸಡನ್ನು ಸಡಿಲಿಸಿ ಎಳೆದು ಮುಚ್ಚಬೇಕು ಎಂದು. ಬಿಗಿದ ಚರ್ಮ ಬರುವುದಿಲ್ಲ, ಬಂದರೂ ನಿಲ್ಲುವುದಿಲ್ಲ. ಜೊತೆಗೆ ಸುಣ್ಣ ಹಸಿ ಗಾಯವನ್ನು ಸುಡುತ್ತದೆ, ಅಡಿಕೆಯ ಚೂರು ಹೊಲಿಗೆಗೆ ತಾಗುತ್ತದೆ.

ಚನ್ನಗಿರಿ ಬೆಳೆಗಾರ | ಜೂನ್ 11, ಬೆಳಿಗ್ಗೆ 9:20

ಹೊಸದಾಗಿ ನೆಟ್ಟ ಸಸಿಯ ಬುಡವನ್ನು ನಾನೂ ದಿನಾ ಕೆದಕುವುದಿಲ್ಲ, ಒಪ್ಪಿದೆ. ತಾಯಿಯವರು ಗಾಯ ಮಾಯುವವರೆಗೆ ಬಿಡಲಿ. ಬೆಳೆಯ ಬಗ್ಗೆ ನನ್ನ ತಕರಾರು ಹಾಗೆಯೇ ಇರಲಿ, ಅದಕ್ಕೆ ಬೇರೆ ಚರ್ಚೆ ಆರಂಭಿಸೋಣ.

ಹೊಳಲ್ಕೆರೆಯವನು | ಜೂನ್ 11, ರಾತ್ರಿ 9:15

ಎಲ್ಲರಿಗೂ ಧನ್ಯವಾದ. ಮೇಡಂ, ಎಚ್‌ಬಿಎ1ಸಿ ಈಗ ಮಾಡಿಸಿದೆ, 8.9 ಬಂತು. ಮಾತ್ರೆಗಳಲ್ಲಿ ಸಕ್ಕರೆಯದು ಎರಡು, ಬಿಪಿಯದು ಒಂದು. ಮತ್ತೊಂದು ಮಾತ್ರೆ ಇದೆ, ಅದು ದಿನವೂ ಇಲ್ಲ. ಸೋಮವಾರ ಬೆಳಿಗ್ಗೆ ಮಾತ್ರ, ಖಾಲಿ ಹೊಟ್ಟೆಯಲ್ಲಿ, ದೊಡ್ಡ ಲೋಟ ನೀರಿನೊಂದಿಗೆ. ನುಂಗಿ ಅರ್ಧ ಗಂಟೆ ಮಲಗಬಾರದು ಎಂದು ಹೇಳಿದ್ದಾರಂತೆ. ಮಂಡಿ ನೋವಿಗೆ ತೋರಿಸಿದಾಗ ಕೊಟ್ಟದ್ದು. ಹೆಸರು ನಾಳೆ ನೋಡಿ ಬರೆಯುತ್ತೇನೆ.

ಒಸಡು ವೈದ್ಯೆ | ಜೂನ್ 11, ರಾತ್ರಿ 9:32

ನಾಳೆಯವರೆಗೆ ಕಾಯಬೇಡಿ, ಈಗಲೇ ಪಟ್ಟಿಯನ್ನು ತಿರುಗಿಸಿ ನೋಡಿ. ಅಲೆಂಡ್ರೊನೇಟ್ ಅಥವಾ ರೈಸೆಡ್ರೊನೇಟ್ ಎಂದಿದೆಯೇ?

ಹೊಳಲ್ಕೆರೆಯವನು | ಜೂನ್ 11, ರಾತ್ರಿ 9:41

ಅಲೆಂಡ್ರೊನೇಟ್ ಸೋಡಿಯಂ, 70 ಮಿಲಿಗ್ರಾಂ. ಮೂರು ವರ್ಷದಿಂದ ತೆಗೆದುಕೊಳ್ಳುತ್ತಿದ್ದಾರೆ.

ಒಸಡು ವೈದ್ಯೆ | ಜೂನ್ 11, ರಾತ್ರಿ 10:20

ಶುಕ್ರವಾರ ಬೇಡ. ಗಾಬರಿಯಾಗುವಂಥದ್ದೇನೂ ಇಲ್ಲ, ಆದರೆ ಈ ಮಾತ್ರೆಯ ವಿಷಯ ನಿಮ್ಮ ದಂತವೈದ್ಯರಿಗೆ ಗೊತ್ತಾಗಲೇಬೇಕು. ಬಿಪಿ, ಸಕ್ಕರೆ ಬಗ್ಗೆ ಕೇಳಿದಾಗ ಎಲ್ಲರೂ ಹೇಳುತ್ತಾರೆ. ವಾರಕ್ಕೊಮ್ಮೆಯ ಮಾತ್ರೆ ಯಾರ ನೆನಪಿಗೂ ಬರುವುದಿಲ್ಲ.

ಇದು ಮೂಳೆ ಸವೆತಕ್ಕೆ ಕೊಡುವ ಔಷಧಿ. ಹಳೆಯ ಮೂಳೆಯನ್ನು ಕರಗಿಸುವ ಜೀವಕೋಶಗಳನ್ನು ಅದು ಸುಮ್ಮನಾಗಿಸುತ್ತದೆ. ಬೆನ್ನು, ಸೊಂಟದ ಮೂಳೆ ಮುರಿಯದಂತೆ ಕಾಪಾಡುವುದು ಹೀಗೆಯೇ. ಆದರೆ ದವಡೆಯಲ್ಲಿ ಗಾಯವಾದಾಗ ಹಳತು ಕರಗಿ ಹೊಸತು ಬರುವ ಕೆಲಸವೂ ನಿಧಾನವಾಗುತ್ತದೆ. ಅಪರೂಪಕ್ಕೆ ದವಡೆಯ ಮೂಳೆ ಒಸಡಿನಿಂದ ಹೊರಗೆ ಕಾಣಿಸಿಕೊಂಡು ಮಾಯದೆ ಉಳಿಯುತ್ತದೆ. 2003ರಲ್ಲಿ ಅಮೆರಿಕದ ಮಾರ್ಕ್ಸ್ ಇದನ್ನು ಮೊದಲು ಬೆಳಕಿಗೆ ತಂದವರು. ಮೂಳೆ ಸವೆತಕ್ಕೆ ಬಾಯಿಯ ಮೂಲಕ ತೆಗೆದುಕೊಳ್ಳುವವರಲ್ಲಿ ಇದು ಸಾವಿರಕ್ಕೆ ಒಬ್ಬರಿಗಿಂತಲೂ ಕಡಿಮೆ. ಕ್ಯಾನ್ಸರಿಗೆಂದು ರಕ್ತನಾಳದ ಮೂಲಕ ಇದೇ ಬಗೆಯ ಜೊಲೆಡ್ರೊನಿಕ್ ಆಮ್ಲ ಪಡೆಯುವವರಲ್ಲಿ ಬಹಳ ಹೆಚ್ಚು, ಅವರಿಗೆ ಕಸಿ, ಇಂಪ್ಲಾಂಟ್ ಮಾಡುವುದೇ ಇಲ್ಲ ಎನ್ನಬಹುದು. ತಾಯಿಯವರು ಮೊದಲ ಗುಂಪಿನವರು, ಬಾಗಿಲು ಮುಚ್ಚಿಲ್ಲ. ಆದರೆ ಮಾತ್ರೆಯ ಅಪಾಯದ ಜೊತೆಗೆ ಸಕ್ಕರೆ 8.9 ಎಂದರೆ ಎರಡು ಭಾರ ಒಟ್ಟಿಗೆ.

ನೀವಾಗಿ ಮಾತ್ರೆ ನಿಲ್ಲಿಸಬೇಡಿ. ನಿಲ್ಲಿಸಬೇಕೋ ಬೇಡವೋ ಎಂಬುದು ಬರೆದುಕೊಟ್ಟ ಮೂಳೆ ವೈದ್ಯರೂ ದಂತವೈದ್ಯರೂ ಕೂತು ಮಾತಾಡಬೇಕಾದ ವಿಚಾರ. ವರ್ಷಗಟ್ಟಲೆ ಮೂಳೆಯಲ್ಲಿ ಉಳಿಯುವ ಔಷಧಿ ಅದು, ಒಂದು ವಾರ ಬಿಟ್ಟರೆ ಏನೂ ಬದಲಾಗುವುದಿಲ್ಲ. ಸಕ್ಕರೆಯನ್ನು ಮೊದಲು ಏಳರ ಹತ್ತಿರ ತನ್ನಿ. ರಕ್ತದ ಕೆಂಪು ಕಣದ ಆಯಸ್ಸು ಸುಮಾರು 120 ದಿನ, ಆದ್ದರಿಂದ ಎಚ್‌ಬಿಎ1ಸಿ ಇಳಿದದ್ದು ಕಾಣಲು ಮೂರು ತಿಂಗಳು ಬೇಕು. ವಿಟಮಿನ್ ಡಿ ಕೂಡ ನೋಡಿಸಿ.

ಜಗಳೂರಿನಿಂದ | ಜೂನ್ 12, ಬೆಳಿಗ್ಗೆ 10:05

ನಮ್ಮ ಕಡೆ ಕೊಳವೆಬಾವಿಯ ನೀರಿನಲ್ಲಿ ಫ್ಲೋರೈಡ್ ಹೆಚ್ಚು. ಕಸಿ ಮಾಡಿಸಿದವರು ಆ ನೀರಿನಲ್ಲಿ ಬಾಯಿ ಮುಕ್ಕಳಿಸಿದರೆ ತೊಂದರೆಯೇ? ಕುದಿಸಿದರೆ ಹೋಗುತ್ತದೆಯೇ?

ಒಸಡು ವೈದ್ಯೆ | ಜೂನ್ 12, ಮಧ್ಯಾಹ್ನ 2:10

ಕುದಿಸಿದರೆ ಫ್ಲೋರೈಡ್ ಹೋಗುವುದಿಲ್ಲ, ನೀರು ಆವಿಯಾಗಿ ಇನ್ನಷ್ಟು ಸಾಂದ್ರವಾಗುತ್ತದೆ. ಮುಕ್ಕಳಿಸಿ ಉಗುಳುವುದಕ್ಕೆ ಅದರಿಂದ ಗಾಯಕ್ಕೆ ಹಾನಿಯಿಲ್ಲ, ಕುಡಿಯಲು ಮಾತ್ರ ಶುದ್ಧೀಕರಿಸಿದ ನೀರು ಬಳಸಿ. ಮುಕ್ಕಳಿಸುವ ನೀರನ್ನು ಕುದಿಸಿ ಆರಿಸುವುದು ಸೂಕ್ಷ್ಮಜೀವಿಗಳಿಗಾಗಿ.

ಶಾಖಾಹಾರಿ | ಜೂನ್ 12, ಸಂಜೆ 5:30

ಒಂದು ಸೂಕ್ಷ್ಮ ಪ್ರಶ್ನೆ, ತಪ್ಪು ತಿಳಿಯಬೇಡಿ. ಆ ಮೂಳೆಯ ಪುಡಿ ಯಾವ ಪ್ರಾಣಿಯದು? ಲಿಂಗ ಕಟ್ಟಿಕೊಂಡ ನಮ್ಮ ಮನೆಯ ಹಿರಿಯರು ಕೇಳಿದರೆ ಏನು ಹೇಳಲಿ?

ಒಸಡು ವೈದ್ಯೆ | ಜೂನ್ 12, ರಾತ್ರಿ 8:55

ತಪ್ಪೇನು, ಕೇಳಲೇಬೇಕಾದ ಪ್ರಶ್ನೆ, ಅದೂ ಮೊದಲೇ. ಹೆಚ್ಚು ಬಳಕೆಯಲ್ಲಿರುವ ಒಂದು ಬಗೆ ದನದ ಮೂಳೆಯದು, ಅದರ ಜೈವಿಕ ಅಂಶವನ್ನೆಲ್ಲ ತೆಗೆದು ಖನಿಜವನ್ನಷ್ಟೇ ಉಳಿಸಿರುತ್ತಾರೆ. ಇನ್ನೊಂದು ಮನುಷ್ಯರ ದಾನದ ಮೂಳೆ, ಮುಂಬೈಯ ಟಾಟಾ ಸ್ಮಾರಕ ಆಸ್ಪತ್ರೆಯ ಅಂಗಾಂಶ ಬ್ಯಾಂಕ್ ವಿಕಿರಣದಿಂದ ಶುದ್ಧೀಕರಿಸಿ ಒದಗಿಸುತ್ತದೆ. ಪ್ರಾಣಿಮೂಲವೇ ಬೇಡವೆಂದರೆ ಪ್ರಯೋಗಾಲಯದಲ್ಲಿ ತಯಾರಾದ ಹೈಡ್ರಾಕ್ಸಿಅಪಟೈಟ್, ಟ್ರೈಕ್ಯಾಲ್ಸಿಯಂ ಫಾಸ್ಫೇಟ್, ಜೈವಿಕ ಗಾಜು ಇವೆ. ಎಲ್ಲಕ್ಕಿಂತ ಜೀವಂತವಾದದ್ದು ರೋಗಿಯದೇ ಮೂಳೆ, ಗಲ್ಲದಿಂದಲೋ ದವಡೆಯ ಹಿಂಭಾಗದಿಂದಲೋ ತೆಗೆದದ್ದು, ಆದರೆ ಅದಕ್ಕೆ ಎರಡನೆಯ ಗಾಯ ಮಾಡಬೇಕು. ಜನ ಪುಡಿಯನ್ನು ಕೇಳಿ ಸುಮ್ಮನಾಗುತ್ತಾರೆ, ಮೆಂಬ್ರೇನ್ ಮರೆಯುತ್ತಾರೆ. ಕೊಲಾಜೆನ್ ಮೆಂಬ್ರೇನ್ ಹಂದಿಯದೋ ದನದ್ದೋ ಇರುತ್ತದೆ, ಮೀನಿನದೂ ಇದೆ. ಕ್ಯಾಟ್‌ಗಟ್ ಎಂಬ ಹೊಲಿಗೆಯ ದಾರ ಕೂಡ ಪ್ರಾಣಿಯ ಕರುಳಿನದು, ಅದರ ಬದಲು ಕೃತಕ ದಾರ ಸಿಗುತ್ತದೆ. ಪ್ಯಾಕೆಟ್ಟಿನ ಮೇಲೆ ಮೂಲ ಬರೆದಿರುತ್ತದೆ, ತೋರಿಸಿ ಎಂದು ಕೇಳುವುದು ನಿಮ್ಮ ಹಕ್ಕು.

ನಿರ್ವಾಹಕ | ಜೂನ್ 12, ರಾತ್ರಿ 9:10

ನೋವಿನ ಮಾತ್ರೆ, ಆಂಟಿಬಯಾಟಿಕ್ ಹೆಸರು ಮತ್ತು ಪ್ರಮಾಣ ಬರೆದ ಎರಡು ಉತ್ತರಗಳನ್ನು ತೆಗೆದಿದ್ದೇನೆ. ಒಬ್ಬರ ಚೀಟಿ ಇನ್ನೊಬ್ಬರಿಗೆ ಬೇಡ.

ಹೊಳಲ್ಕೆರೆಯವನು | ಸೆಪ್ಟೆಂಬರ್ 23, ರಾತ್ರಿ 8:30

ಮತ್ತೆ ಬಂದಿದ್ದೇನೆ. ದಂತವೈದ್ಯರು ಮಾತ್ರೆಯ ವಿಷಯ ಕೇಳಿ ತಾವೇ ಮೂಳೆ ವೈದ್ಯರಿಗೆ ಫೋನ್ ಮಾಡಿದರು. ಇಬ್ಬರೂ ಸೇರಿ ಏನು ಮಾಡಬೇಕೆಂದು ನಿರ್ಧರಿಸಿದ್ದಾರೆ, ಅದು ಅಮ್ಮನ ಸ್ಥಿತಿಗೆ ತಕ್ಕದ್ದು, ಇಲ್ಲಿ ಬರೆದು ಯಾರನ್ನೂ ದಾರಿ ತಪ್ಪಿಸುವುದಿಲ್ಲ. ಎಚ್‌ಬಿಎ1ಸಿ 7.2ಕ್ಕೆ ಇಳಿದಿದೆ. ಎಲೆ ಅಡಿಕೆ ನಿಂತಿದೆ, ಮನೆಯಲ್ಲಿ ಎಲ್ಲರ ತಾಳ್ಮೆಯೂ ಪರೀಕ್ಷೆಗೆ ಒಳಗಾಯಿತು. ಕಸಿ ಈ ಶನಿವಾರ. ಊಟದ ಬಗ್ಗೆ ಯಾರಾದರೂ ಹೇಳಿ. ಗಂಜಿ ಎಂದರೆ ಅಮ್ಮ ಮುಖ ತಿರುಗಿಸುತ್ತಾರೆ.

ನಿವೃತ್ತ ಮೇಷ್ಟ್ರು, ಚಿತ್ರದುರ್ಗ | ಸೆಪ್ಟೆಂಬರ್ 23, ರಾತ್ರಿ 9:00

ತಮ್ಮಾ, ಮುದ್ದೆ ಇರುವಾಗ ಗಂಜಿ ಏಕೆ? ಮುದ್ದೆಯನ್ನು ಅಗಿಯುವುದಿಲ್ಲ, ನುಂಗುತ್ತೇವೆ. ಎರಡನೆಯ ದಿನದಿಂದ ಚೆನ್ನಾಗಿ ಆರಿದ ಮೆತ್ತನೆಯ ರಾಗಿ ಮುದ್ದೆ, ಖಾರವಿಲ್ಲದ ಬೇಳೆಕಟ್ಟು, ಬಲಗಡೆಯಿಂದ ನುಂಗಲಿ. ನಾನು ಅದರಲ್ಲೇ ದಿನ ತಳ್ಳಿದೆ. ರಾಗಿಯಲ್ಲಿ ಸುಣ್ಣದ ಅಂಶವೂ ಧಾರಾಳ. ಹೆಸರುಬೇಳೆ ಕಿಚಡಿ, ಮೊಸರನ್ನ, ಹಿಸುಕಿದ ಬಾಳೆಹಣ್ಣು ನಡೆಯುತ್ತದೆ. ಒಗ್ಗರಣೆ ಬೇಡ, ಸಾಸಿವೆ ಕಾಳೊಂದು ಹೊಲಿಗೆಯ ಸಂದಿಗೆ ಸೇರಿ ನನ್ನನ್ನು ಇಡೀ ಸಂಜೆ ಕುಣಿಸಿತು. ಜೋಳದ ಖಡಕ್ ರೊಟ್ಟಿ, ಮಂಡಕ್ಕಿ, ಮೆಣಸಿನಕಾಯಿ ಬಜ್ಜಿ ಇವುಗಳ ಕಡೆ ತಿರುಗಿಯೂ ನೋಡಬಾರದು. ದಾವಣಗೆರೆಗೆ ಹೋಗಿ ಬೆಣ್ಣೆದೋಸೆ ತಿನ್ನದೆ ಬರುವ ಸಂಕಟ ನನಗೆ ಗೊತ್ತು. ದೋಸೆಯ ಅಂಚು ಗರಿಗರಿ, ಚಟ್ನಿ ಖಾರ, ಹೊಲಿಗೆ ಬಿಚ್ಚಿದ ಮೇಲೆ ತಿನ್ನಿಸಿ.

ಒಸಡು ವೈದ್ಯೆ | ಸೆಪ್ಟೆಂಬರ್ 23, ರಾತ್ರಿ 10:10

ಮೇಷ್ಟ್ರ ಪಟ್ಟಿಗೆ ನನ್ನ ರುಜು. ಬೇಳೆ, ಮೊಸರು, ಹಾಲು ಚೆನ್ನಾಗಿ ಹೋಗಲಿ, ಗಾಯ ಕೂಡುವುದು ಪ್ರೋಟೀನಿನಿಂದ. ಸಕ್ಕರೆ ಮಾತ್ರೆ ತೆಗೆದುಕೊಂಡು ಊಟ ಬಿಡುವುದು ಅಪಾಯ, ಸಕ್ಕರೆ ತೀರಾ ಇಳಿದೀತು.

ಮೊದಲ ದಿನ ಮುಕ್ಕಳಿಸುವುದು, ಉಗುಳುವುದು, ಸ್ಟ್ರಾ ಹಾಕಿ ಹೀರುವುದು ಬೇಡ. ಇವುಗಳಿಂದ ಹೆಪ್ಪು ಕದಲುತ್ತದೆ. ಎಂಜಲು ಕೆಂಪಗಿದ್ದರೂ ನುಂಗಲಿ ಅಥವಾ ಬಾಯಿಂದ ತಾನಾಗಿ ಸೋರಲಿ. ಹೊರಗಿನಿಂದ ಕೆನ್ನೆಗೆ ಬಟ್ಟೆಯಲ್ಲಿ ಸುತ್ತಿದ ಮಂಜುಗಡ್ಡೆ, ಇಪ್ಪತ್ತು ನಿಮಿಷ ಇಟ್ಟು ಇಪ್ಪತ್ತು ನಿಮಿಷ ತೆಗೆಯಿರಿ. ತಲೆಗೆ ಎರಡು ದಿಂಬು. ಮರುದಿನದಿಂದ ಕ್ಲೋರ್‌ಹೆಕ್ಸಿಡಿನ್ ಎಂಬ ಸೂಕ್ಷ್ಮಜೀವಿನಾಶಕ ದ್ರವವನ್ನು ಬಾಯಲ್ಲಿ ಹಿಡಿದು ತಲೆಯನ್ನು ಆ ಕಡೆ ಈ ಕಡೆ ವಾಲಿಸಿ ಬಿಟ್ಟುಬಿಡಲಿ, ರಭಸದಿಂದ ಗುಳುಗುಳು ಮಾಡುವುದು ಬೇಡ. ಪೇಸ್ಟಿಗೂ ಅದಕ್ಕೂ ಅರ್ಧ ಗಂಟೆ ಅಂತರವಿರಲಿ, ಇಲ್ಲದಿದ್ದರೆ ಒಂದು ಇನ್ನೊಂದರ ಬಲ ಕೆಡಿಸುತ್ತದೆ. ವೈದ್ಯರು ಹೇಳಿದ ದಿನಗಳಿಗಿಂತ ಹೆಚ್ಚು ಬಳಸಿದರೆ ಹಲ್ಲು ಕಂದುಬಣ್ಣಕ್ಕೆ ತಿರುಗುತ್ತದೆ. ಉಳಿದ ಹಲ್ಲುಗಳನ್ನು ಉಜ್ಜುವುದು ನಿಲ್ಲಬಾರದು. ಗಾಯಕ್ಕೆ ಹೆದರಿ ಇಡೀ ಬಾಯಿಯನ್ನೇ ತೊಳೆಯದೆ ಬಿಡುವವರಿಂದಲೇ ನನಗೆ ಹೆಚ್ಚು ಸೋಂಕಿನ ಪ್ರಕರಣಗಳು ಬರುತ್ತವೆ.

ಆ ಜಾಗಕ್ಕೆ ತೆಗೆದು ಹಾಕುವ ಕಟ್ಟಿಸಿದ ಹಲ್ಲು ಇದ್ದರೆ ಡಬ್ಬಿಯಲ್ಲೇ ಇರಲಿ. ಊದಿದ ಒಸಡಿನ ಮೇಲೆ ಪ್ಲಾಸ್ಟಿಕ್ ಒತ್ತಿದರೆ ನಾವು ಹಾಕಿದ ಹೊಲಿಗೆ ವ್ಯರ್ಥ.

ಹೊಳಲ್ಕೆರೆಯವನು | ಅಕ್ಟೋಬರ್ 6, ಸಂಜೆ 7:20

ಮೇಡಂ, ಕಸಿ ಚೆನ್ನಾಗಿ ಆಯಿತು, ಊತ ಇಳಿದಿದೆ. ಆದರೆ ಈ ದಿನ ಅಮ್ಮ ಮುಕ್ಕಳಿಸುವಾಗ ಹೊಲಿಗೆಯ ನಡುವೆ ಜೀರಿಗೆ ಕಾಳಿನಷ್ಟು ಬಿಳಿ ಬಿಳಿ ಕಾಣಿಸಿತು. ನೋವಿಲ್ಲ, ವಾಸನೆಯಿಲ್ಲ, ಜ್ವರವಿಲ್ಲ. ಕೀವೇ? ಹೊಲಿಗೆ ಬಿಚ್ಚಲು ಎರಡು ದಿನ ಬಿಟ್ಟು ಬನ್ನಿ ಎಂದಿದ್ದಾರೆ. ಕಾಯಬಹುದೇ?

ಒಸಡು ವೈದ್ಯೆ | ಅಕ್ಟೋಬರ್ 6, ಸಂಜೆ 7:45

ಕಾಯಬೇಡಿ, ಬೆಳಿಗ್ಗೆಯೇ ತೋರಿಸಿ. ನೀವು ಹೇಳುವ ಲಕ್ಷಣಕ್ಕೆ ಅದು ಮೆಂಬ್ರೇನಿನ ಅಂಚು ಇರಬಹುದು. ಕೀವಾದರೆ ಸಾಮಾನ್ಯವಾಗಿ ಮಿಡಿಯುವ ನೋವು, ಕೆಟ್ಟ ರುಚಿ, ಮತ್ತೆ ಏರುವ ಊತ ಜೊತೆಗಿರುತ್ತದೆ. ಗಾಯ ಇಷ್ಟು ಸಣ್ಣಗೆ ತೆರೆದುಕೊಂಡರೆ ಕಸಿ ಹೋಯಿತೆಂದು ಅರ್ಥವಲ್ಲ. ಕೊಲಾಜೆನ್ ಪೊರೆ ಎಂಜಲಿಗೆ ಸಿಕ್ಕರೆ ಬೇಗ ಕರಗುತ್ತದೆ, ಕೆಳಗಿನಿಂದ ಒಸಡು ಬೆಳೆದು ಮುಚ್ಚಿಕೊಳ್ಳುವುದೂ ಉಂಟು. ತೆರೆದಿದ್ದರೂ ನಡೆಯುವ ಟೆಫ್ಲಾನ್ ಬಗೆಯ ಮೆಂಬ್ರೇನ್‌ಗಳೂ ಇವೆ. ಯಾವುದನ್ನು ಬಳಸಿದ್ದಾರೆ ಎಂಬುದು ನಿಮ್ಮ ವೈದ್ಯರಿಗೆ ಗೊತ್ತು. ಈ ರಾತ್ರಿ ಮಾಡಬೇಕಾದದ್ದು ಒಂದೇ, ಅದನ್ನು ಕೆರೆದು ತೆಗೆಯಲು ಹೋಗಬೇಡಿ. ಮತ್ತೆ ಹೊಲಿಯಲು ಒತ್ತಾಯಿಸಲೂ ಬೇಡಿ, ಮೆತ್ತಗಾದ ಅಂಚಿಗೆ ಹೊಸ ಹೊಲಿಗೆ ನಿಲ್ಲುವುದು ಕಷ್ಟ.

ಹೊಳಲ್ಕೆರೆಯವನು | ಅಕ್ಟೋಬರ್ 7, ಮಧ್ಯಾಹ್ನ 3:00

ಮೆಂಬ್ರೇನೇ ಅಂತೆ. ಜೆಲ್ ಕೊಟ್ಟಿದ್ದಾರೆ, ಹಚ್ಚಲು ಬೆರಳು ತಾಗಿಸಬಾರದು, ಹತ್ತಿಯ ತುದಿಯಲ್ಲಿ ತೆಳುವಾಗಿ ಸವರಬೇಕು ಎಂದರು. ಅರ್ಧ ಹೊಲಿಗೆ ಬಿಚ್ಚಿ ಉಳಿದದ್ದನ್ನು ಮುಂದಿನ ವಾರಕ್ಕೆ ಬಿಟ್ಟಿದ್ದಾರೆ.

ಹೊಳಲ್ಕೆರೆಯವನು | ಅಕ್ಟೋಬರ್ 29, ರಾತ್ರಿ 9:05

ಮುಚ್ಚಿಕೊಂಡಿದೆ. ಜಾಗ ತಿಳಿಗುಲಾಬಿಯಾಗಿದೆ. ಅಮ್ಮ ಕೇಳುತ್ತಿರುವುದು ಒಂದೇ: ಗಾಯ ಮಾಯಿತಲ್ಲ, ಇನ್ನೂ ಐದು ತಿಂಗಳು ಏಕೆ ಕಾಯಬೇಕು?

ಒಸಡು ವೈದ್ಯೆ | ಅಕ್ಟೋಬರ್ 29, ರಾತ್ರಿ 9:50

ಮಾಯಿದ್ದು ಮೇಲಿನ ಒಸಡು. ಒಳಗೆ ರಕ್ತನಾಳಗಳು ಈಗ ಕಣಗಳ ನಡುವೆ ನುಸುಳುತ್ತಿವೆ. ಮೊದಲು ಬರುವ ಎಳೆಯ ಮೂಳೆ ಅವ್ಯವಸ್ಥಿತ ಹೆಣಿಗೆ, ಭಾರ ಹೊರುವುದಿಲ್ಲ. ಅದು ಕರಗಿ ಪದರ ಪದರವಾದ ಗಟ್ಟಿ ಮೂಳೆಯಾಗಲು ತಿಂಗಳುಗಳು ಬೇಕು, ತಾಯಿಯವರು ತೆಗೆದುಕೊಂಡ ಮಾತ್ರೆಯಿಂದ ಇನ್ನಷ್ಟು ನಿಧಾನವಾಗಬಹುದು. ಇಂಪ್ಲಾಂಟಿನ ಟೈಟಾನಿಯಂ ಮೂಳೆಗೆ ಬೆಸೆದುಕೊಳ್ಳುವುದನ್ನು ಸ್ವೀಡನ್ನಿನ ಬ್ರೋನೆಮಾರ್ಕ್ 1950ರ ದಶಕದಲ್ಲಿ ಮೊಲದ ಕಾಲಿನಲ್ಲಿ ಕಂಡರು, ಮನುಷ್ಯನ ದವಡೆಗೆ ಹಾಕಿದ್ದು 1965ರಲ್ಲಿ. ಬೆಸೆಯಲು ಅಲ್ಲಿ ಜೀವಂತ ಮೂಳೆ ಇರಬೇಕು, ಬರೀ ಕಣಗಳ ರಾಶಿ ಇದ್ದರೆ ಸ್ಕ್ರೂ ಅಲ್ಲಾಡುತ್ತದೆ. ಮಾರ್ಚಿನಲ್ಲಿ ಮತ್ತೆ ಸ್ಕ್ಯಾನ್ ಮಾಡಿಸಿ, ಅಗಲ ಅಳೆದ ಮೇಲೆ ದಿನಾಂಕ. ಅಷ್ಟರವರೆಗೆ ಸಕ್ಕರೆ ಏರಲು ಬಿಡಬೇಡಿ, ಎಲೆ ಅಡಿಕೆಯ ತಟ್ಟೆ ಹೊರಗೆ ಬರುವುದು ಬೇಡ.

ಹಿರಿಯೂರು ಅಕ್ಕ | ನವೆಂಬರ್ 14, ಬೆಳಿಗ್ಗೆ 8:15

ಈ ಚರ್ಚೆ ಪೂರ್ತಿ ಓದಿದೆ. ನಮ್ಮ ಯಜಮಾನರಿಗೆ ಮುಂದಿನ ವಾರ ಇದೇ ಕಸಿ. ವಾರದ ಮಾತ್ರೆ ಇಲ್ಲ, ಸಕ್ಕರೆ ಇಲ್ಲ, ಆದರೆ ಬೀಡಿ ಇದೆ. “ಆ ದಿನ ಮಾತ್ರ ಸೇದುವುದಿಲ್ಲ” ಎನ್ನುತ್ತಿದ್ದಾರೆ. ಸಾಕೇ ಮೇಡಂ?

ಒಸಡು ವೈದ್ಯೆ | ನವೆಂಬರ್ 14, ಬೆಳಿಗ್ಗೆ 9:30

ಸಾಲದು ಅಕ್ಕ. ನಿಕೋಟಿನ್ ಸಣ್ಣ ರಕ್ತನಾಳಗಳನ್ನು ಕುಗ್ಗಿಸುತ್ತದೆ, ಒಸಡಿನ ಅಂಚಿಗೆ ರಕ್ತ ಬೇಕಾದ ಹೊತ್ತಿನಲ್ಲೇ. ಇಂಪ್ಲಾಂಟಿಗೆ ಹಿಂದಿನಿಂದಲೂ ಹೇಳುವ ಕ್ರಮವೆಂದರೆ ಕನಿಷ್ಠ ಒಂದು ವಾರ ಮೊದಲು ನಿಲ್ಲಿಸಿ, ಆಮೇಲೆ ಎಂಟು ವಾರ ಮುಟ್ಟಬಾರದು. ಕಸಿಗೆ ನಾನು ಇನ್ನೂ ಮೊದಲೇ ಬಿಡಿಸುತ್ತೇನೆ. ಇವತ್ತೇ ಬಿಡುತ್ತಾರೆಂದರೆ ಸರಿ. ಇಲ್ಲವೆಂದರೆ ವೈದ್ಯರಿಗೆ ನೀವೇ ಫೋನ್ ಮಾಡಿ ದಿನಾಂಕ ಮುಂದಕ್ಕೆ ಹಾಕಿಸಿ.